ಪಾರ್ಥೆನಾನ್‌ನ ಡಿಜಿಟಲ್ ಮರುನಿರ್ಮಾಣ: ರೂಪವನ್ನು ತಿದ್ದುವ ಬಗೆ

ಪುರಾತನ ಕಟ್ಟಡವೊಂದರ ಮೂರು ಆಯಾಮದ ಮಾದರಿಯನ್ನು ಕಂಪ್ಯೂಟರಿನಲ್ಲಿ ಮೊದಲ ಸುತ್ತಿಗೆ ಕಟ್ಟಿ ನಿಲ್ಲಿಸುವುದು ಇಂದು ಅಂಥ ಕಷ್ಟದ ಕೆಲಸವಲ್ಲ. ತಳನಕ್ಷೆಯೊಂದು ಕೈಯಲ್ಲಿದ್ದರೆ ಸಾಕು. ಒಂದು ಕಂಬವನ್ನು ರೂಪಿಸಿ, ಅದನ್ನೇ ನಕಲು ಮಾಡಿ ಸಾಲಾಗಿ ನಿಲ್ಲಿಸಿ, ಮೇಲೆ ತೊಲೆಯನ್ನೂ ಚಾವಣಿಯನ್ನೂ ಕೂರಿಸಿದರೆ ಯಾರಾದರೂ ಗುರುತಿಸಬಲ್ಲ ಗ್ರೀಕ್ ದೇವಾಲಯ ಪರದೆಯ ಮೇಲೆ ಮೂಡುತ್ತದೆ. ಆದರೆ ಅದು ಅಚ್ಚಿನಿಂದ ತೆಗೆದ ಆಟಿಕೆಯಂತೆ ನಿರ್ಜೀವವಾಗಿ ಕಾಣುತ್ತದೆ. ಆಗ ಹೆಚ್ಚಿನವರು ಮಾಡುವುದು ಕಲ್ಲಿನ ಮೇಲೆ ಬಿರುಕು, ಕಲೆ, ಸವೆತಗಳನ್ನು ಹೇರಳವಾಗಿ ಬಳಿಯುವ ಕೆಲಸ. ಇದರಿಂದ ಚಿತ್ರಕ್ಕೆ ಮೆರುಗು ಬರುತ್ತದೆ, ಕಟ್ಟಡ ಮಾತ್ರ ಮೊದಲಿದ್ದಷ್ಟೇ ತಪ್ಪಾಗಿ ಉಳಿಯುತ್ತದೆ. ವಿವರಗಳನ್ನು ಸೇರಿಸುವುದಕ್ಕೂ ರೂಪವನ್ನು ತಿದ್ದುವುದಕ್ಕೂ ಬಹಳ ಅಂತರವಿದೆ, ಮತ್ತು ರೂಪ ಸರಿಹೋಗುವ ತನಕ ಮೇಲ್ಮೈಗೆ ಕೈಹಾಕದಿರುವುದು ಒಳ್ಳೆಯದು. ಹೀಗೇಕೆ ಎಂಬುದನ್ನು ಅಥೆನ್ಸಿನ ಪುರಾತನ ದೇವಾಲಯ ಪಾರ್ಥೆನಾನ್ ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಅದನ್ನು ಕಲ್ಲು ಕಲ್ಲಾಗಿ ಅಳೆದವರ ಪರಂಪರೆಯೇ ಇರುವುದರಿಂದ ನಮ್ಮ ತಪ್ಪುಗಳನ್ನು ಅಲ್ಲಿ ಒರೆಗೆ ಹಚ್ಚಿ ನೋಡಬಹುದು.

ಪಾರ್ಥೆನಾನ್‌ನ ನಿರ್ಮಾಣ ಆರಂಭವಾದದ್ದು ಕ್ರಿ.ಪೂ. 447ರಲ್ಲಿ. ವಾಸ್ತುಶಿಲ್ಪಿಗಳು ಇಕ್ಟಿನಸ್ ಮತ್ತು ಕ್ಯಾಲಿಕ್ರೇಟಿಸ್. ಶಿಲ್ಪಗಳ ಉಸ್ತುವಾರಿ ಫಿಡಿಯಾಸ್‌ನದು. ಒಳಗಿನ ಅಥೀನಾ ದೇವಿಯ ಚಿನ್ನ-ದಂತದ ಪ್ರತಿಮೆ ಕ್ರಿ.ಪೂ. 438ರಲ್ಲಿ ಪ್ರತಿಷ್ಠಾಪನೆಗೊಂಡಿತು, ಹೊರಗಿನ ಶಿಲ್ಪಕಾರ್ಯ 432ರ ತನಕ ನಡೆಯಿತು. ಕಂಬಗಳು ನಿಂತಿರುವ ಮೇಲಿನ ಮೆಟ್ಟಿಲಿನ ಮಟ್ಟದಲ್ಲಿ, ಅಂದರೆ ಸ್ಟೈಲೊಬೇಟ್ ಎಂದು ಕರೆಯುವ ಜಗತಿಯ ಮಟ್ಟದಲ್ಲಿ, ಕಟ್ಟಡ ಸುಮಾರು 69.5 ಮೀಟರ್ ಉದ್ದ, 30.9 ಮೀಟರ್ ಅಗಲ ಇದೆ. ಮುಂದೆ ಹಿಂದೆ ಎಂಟೆಂಟು, ಪಕ್ಕಗಳಲ್ಲಿ ಹದಿನೇಳು ಹದಿನೇಳು ಎಂಬ ಲೆಕ್ಕದಲ್ಲಿ ಮೂಲೆಯ ಕಂಬಗಳನ್ನು ಎರಡು ಸಲ ಎಣಿಸದೆ ಒಟ್ಟು 46 ಹೊರಗಂಬಗಳು. ಒಂದೊಂದರ ಎತ್ತರ ಸುಮಾರು 10.4 ಮೀಟರ್. ಮೊದಲ ಕರಡಿಗೆ ಬೇಕಾದ ಅಂಕಿಗಳು ಇಷ್ಟೇ, ಮತ್ತು ತಪ್ಪುಗಳು ನುಸುಳುವುದೂ ಇಷ್ಟನ್ನೇ ನಂಬಿ ಮುಂದುವರಿದಾಗ.

ಮೊದಲನೆಯ ತಪ್ಪು ನೆಲದಲ್ಲೇ ಇರುತ್ತದೆ. ಮಾದರಿಕಾರರು ಸ್ಟೈಲೊಬೇಟನ್ನು ಸಪಾಟಾದ ಆಯತವಾಗಿ ಬಿಡಿಸುತ್ತಾರೆ. ನಿಜವಾದ ಸ್ಟೈಲೊಬೇಟ್ ನಡುವಿನಲ್ಲಿ ಉಬ್ಬಿದೆ. ಅಗಲದ ಬದಿಗಳಲ್ಲಿ ಆ ಉಬ್ಬು ಸುಮಾರು 6 ಸೆಂಟಿಮೀಟರ್, ಉದ್ದದ ಬದಿಗಳಲ್ಲಿ ಸುಮಾರು 11 ಸೆಂಟಿಮೀಟರ್. ಬ್ರಿಟಿಷ್ ವಾಸ್ತುಶಿಲ್ಪಿ ಫ್ರಾನ್ಸಿಸ್ ಪೆನ್ರೋಸ್ 1846-47ರಲ್ಲಿ ಇದನ್ನು ಸೂಕ್ಷ್ಮವಾಗಿ ಅಳೆದು 1851ರಲ್ಲಿ ಪ್ರಕಟಿಸಿದ ಮೇಲೆ ಇದು ನೆಲ ಕುಸಿದು ಆದ ಆಕಸ್ಮಿಕವಲ್ಲ, ಬೇಕೆಂದೇ ಮಾಡಿದ್ದು ಎಂಬುದು ಖಚಿತವಾಯಿತು. ಕ್ರಿ.ಪೂ. 1ನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಇಂಥ ಉಬ್ಬಿಗೆ ಕಾರಣವನ್ನೂ ಕೊಡುತ್ತಾನೆ: ಪೂರ್ತಿ ಸಪಾಟಾಗಿ ಕಟ್ಟಿದರೆ ಜಗತಿ ಕಣ್ಣಿಗೆ ನಡುವಿನಲ್ಲಿ ಜಗ್ಗಿದಂತೆ ಕಾಣುತ್ತದೆ ಎಂದು. ಈ ಕಾರಣ ಒಪ್ಪುವಂಥದ್ದೇ, ಅಥವಾ ಮಳೆನೀರು ಹರಿದುಹೋಗಲೆಂದೋ ಕಟ್ಟಡಕ್ಕೆ ಒಂದು ಬಿಗುವು ಬರಲೆಂದೋ ಮಾಡಿದ್ದೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆ. ಮಾದರಿ ಕಟ್ಟುವವರು ಆ ಚರ್ಚೆಯಲ್ಲಿ ಪಕ್ಷ ವಹಿಸಬೇಕಾಗಿಲ್ಲ, ಅಳತೆಯನ್ನು ಪಾಲಿಸಿದರೆ ಆಯಿತು.

ಎಪ್ಪತ್ತು ಮೀಟರಿನಲ್ಲಿ ಹನ್ನೊಂದು ಸೆಂಟಿಮೀಟರ್ ಯಾರ ಕಣ್ಣಿಗೆ ಬೀಳುತ್ತದೆ ಎಂದು ಕೇಳಬಹುದು. ಮೆಟ್ಟಿಲಿನ ಒಂದು ತುದಿಯಲ್ಲಿ, ಕಣ್ಣನ್ನು ಮೆಟ್ಟಿಲಿನ ಮಟ್ಟಕ್ಕೇ ಇಳಿಸಿ ಇನ್ನೊಂದು ತುದಿಯತ್ತ ನೋಡಿದರೆ ಆ ತುದಿಯಲ್ಲಿ ಇಟ್ಟ ಸಣ್ಣ ವಸ್ತು ನಡುವಿನ ಉಬ್ಬಿನ ಹಿಂದೆ ಮರೆಯಾಗಿಬಿಡುತ್ತದೆ. ಪರದೆಯ ಮೇಲೂ ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಿದೊಡನೆ ಸಪಾಟು ಮಾದರಿಗೂ ಉಬ್ಬಿದ ಮಾದರಿಗೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಎಂದರೆ ಈ ಉಬ್ಬು ಜಗತಿಯಲ್ಲೇ ನಿಲ್ಲುವುದಿಲ್ಲ. ಅದು ಕಂಬಗಳ ಮೂಲಕ ಮೇಲೇರಿ ತೊಲೆಗಳಲ್ಲೂ ಅದರ ಮೇಲಿನ ಪಟ್ಟಿಗಳಲ್ಲೂ ಮುಂದುವರಿಯುತ್ತದೆ. ಕಂಬಗಳು ತಾವೂ ಲಂಬವಾಗಿ ನಿಂತಿಲ್ಲ. ಸುಮಾರು 7 ಸೆಂಟಿಮೀಟರಿನಷ್ಟು ಒಳಕ್ಕೆ ವಾಲಿವೆ, ಮೂಲೆಯ ಕಂಬಗಳು ಎರಡೂ ದಿಕ್ಕಿಗೆ ಸೇರಿಸಿ ಓರೆಯಾಗಿ ವಾಲಿವೆ. ಇಳಿಜಾರಾದ ನೆಲದ ಮೇಲೆ ವಾಲಿದ ಕಂಬ ಸರಿಯಾಗಿ ಕೂರಬೇಕಾದರೆ ಒಂದರ ಮೇಲೊಂದು ಪೇರಿಸಿ ಅದನ್ನು ಕಟ್ಟಿದ ಉರುಳೆಗಲ್ಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನದರ ಅಡಿ ಸಮನಾಗಿರುವಂತಿಲ್ಲ, ಒಂದು ಬದಿ ತುಸು ಎತ್ತರ, ಇನ್ನೊಂದು ಬದಿ ತುಸು ತಗ್ಗಾಗಿರಬೇಕು. ಶಿಲ್ಪಿಗಳು ಹಾಗೆಯೇ ಕಡಿದರು.

ಇದನ್ನೆಲ್ಲ ಮಾದರಿಗೆ ತರುವಾಗ ಎರಡು ದಾರಿಗಳಿವೆ. ನೇರ ಗೆರೆಗಳ ಕಟ್ಟಡವನ್ನು ಪೂರ್ತಿ ಕಟ್ಟಿ ಮುಗಿಸಿ, ಕೊನೆಯಲ್ಲಿ ಬಾಗಿಸುವ ಉಪಕರಣದಿಂದ ಇಡೀ ಕಟ್ಟಡವನ್ನು ಒಮ್ಮೆಗೇ ಬಾಗಿಸುವುದು ಸುಲಭದ ದಾರಿ. ಹಾಗೆ ಮಾಡಿದರೆ ನೆಲದೊಂದಿಗೆ ಕಂಬಗಳ ತಲೆಯೂ ಬೀಸಣಿಗೆಯಂತೆ ಹೊರಕ್ಕೆ ಹರಡಿಕೊಳ್ಳುತ್ತದೆ, ಅಂದರೆ ನಿಜವಾದ ವಾಲುವಿಕೆಗೆ ತದ್ವಿರುದ್ಧವಾದ ಫಲ ಸಿಗುತ್ತದೆ. ಸರಿಯಾದ ಕ್ರಮವೆಂದರೆ ಕಟ್ಟಿದವರ ಕ್ರಮವೇ: ಮೊದಲು ಉಬ್ಬಿದ ಮೇಲ್ಮೈ, ಅದರ ಮೇಲೆ ಪ್ರತಿ ಕಂಬದ ನೆಲೆ, ಆ ನೆಲೆಯ ಎತ್ತರ ಮತ್ತು ಇಳಿಜಾರಿನಿಂದ ಆ ಕಂಬದ ಅಡಿ, ನಂತರ ವಾಲು, ಕೊನೆಗೆ ಕಂಬಗಳ ತಲೆಗಳನ್ನು ಆಧರಿಸಿ ತೊಲೆಗಳು. ಒಂದು ಅಳತೆ ಬದಲಾದರೆ ಮಿಕ್ಕವು ತಾವಾಗಿ ಬದಲಾಗುವಂತೆ ಇವನ್ನು ಸೂತ್ರಗಳಿಂದ ಜೋಡಿಸಿಡುವುದು ಮುಂದಿನ ತಿದ್ದುಪಡಿಗಳನ್ನು ಬಹಳ ಹಗುರಗೊಳಿಸುತ್ತದೆ.

ಕಂಬದ ಮೈಯ ಉಬ್ಬು, ಅಂದರೆ ಎಂಟಾಸಿಸ್, ಮಾದರಿಗಳಲ್ಲಿ ಅತಿ ಹೆಚ್ಚು ಹಾಳಾಗುವ ಅಂಶ. ಪಾರ್ಥೆನಾನ್‌ನ ಕಂಬ ಅಡಿಯಲ್ಲಿ ಸುಮಾರು 1.9 ಮೀಟರ್ ವ್ಯಾಸದಿಂದ ಹೊರಟು ಮೇಲೆ ಸುಮಾರು 1.48 ಮೀಟರಿಗೆ ಕಿರಿದಾಗುತ್ತದೆ. ಈ ಎರಡು ತುದಿಗಳನ್ನು ಸರಳರೇಖೆಯಿಂದ ಜೋಡಿಸಿದರೆ ಕಂಬದ ನಿಜವಾದ ಅಂಚು ಆ ರೇಖೆಯಿಂದ ಹೊರಕ್ಕೆ ಹೋಗುವುದು ಹೆಚ್ಚೆಂದರೆ 2 ಸೆಂಟಿಮೀಟರಿಗೂ ಕಡಿಮೆ. ಆದರೆ ಕಂಬಕ್ಕೆ ಉಬ್ಬು ಇದೆ ಎಂದು ಓದಿದವರು ಅದು ಕಾಣಿಸಲೇಬೇಕೆಂದು ಹಟ ಹಿಡಿದವರಂತೆ ಪೀಪಾಯಿಯ ಆಕಾರ ಕೊಟ್ಟುಬಿಡುತ್ತಾರೆ. ಕಂಬದ ನಡುಭಾಗ ಅಡಿಗಿಂತ ದಪ್ಪವಾಗಿ ಕಂಡರೆ ಅದು ಖಂಡಿತ ತಪ್ಪು; ಪಾರ್ಥೆನಾನ್‌ನ ಕಂಬ ಎಲ್ಲಿಯೂ ತನ್ನ ಅಡಿಯ ವ್ಯಾಸವನ್ನು ಮೀರುವುದಿಲ್ಲ.

ಇಷ್ಟು ನವಿರಾದ ಬಾಗನ್ನು ಹತ್ತು ಮೀಟರ್ ಎತ್ತರದ ಕಲ್ಲಿನಲ್ಲಿ ಹೇಗೆ ಕಡಿದರು ಎಂಬುದಕ್ಕೆ ಒಂದು ಬೆರಗಿನ ಪುರಾವೆ ದೊರೆತದ್ದು ಅಥೆನ್ಸಿನಲ್ಲಲ್ಲ, ಇಂದಿನ ಟರ್ಕಿಯಲ್ಲಿರುವ ಡಿಡಿಮಾದ ಅಪೊಲೊ ದೇವಾಲಯದಲ್ಲಿ. 1979ರಲ್ಲಿ ಲೋಥಾರ್ ಹಾಸಲ್‌ಬರ್ಗರ್ ಎಂಬ ವಿದ್ವಾಂಸರು ಅಲ್ಲಿನ ಗೋಡೆಗಳ ಮೇಲೆ ತೆಳುವಾಗಿ ಗೀಚಿದ್ದ ನಿರ್ಮಾಣ ನಕ್ಷೆಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದು ಕಂಬದ ಎಂಟಾಸಿಸ್ಸಿನದು. ಅಗಲವನ್ನು ನಿಜ ಅಳತೆಯಲ್ಲೇ ಇಟ್ಟು ಎತ್ತರವನ್ನು ಮಾತ್ರ ಹದಿನಾರನೇ ಒಂದು ಭಾಗಕ್ಕೆ ಇಳಿಸಲಾಗಿತ್ತು. ಗ್ರೀಕ್ ಅಡಿಯಲ್ಲಿ ಹದಿನಾರು ಬೆರಳುಗಳಿದ್ದುದರಿಂದ ಎತ್ತರದ ಒಂದು ಅಡಿಗೆ ನಕ್ಷೆಯಲ್ಲಿ ಒಂದು ಬೆರಳು. ಹೀಗೆ ಕುಗ್ಗಿಸಿದ ಚಿತ್ರದಲ್ಲಿ ಕೈವಾರದಿಂದ ವೃತ್ತದ ಕಮಾನೊಂದನ್ನು ಎಳೆದು, ಒಂದೊಂದು ಗೆರೆಯ ಬಳಿಯೂ ಅಗಲವನ್ನು ನೇರವಾಗಿ ಕಲ್ಲಿಗೆ ಇಳಿಸಿಕೊಂಡರೆ ಎತ್ತರಕ್ಕೆ ಹಿಗ್ಗಿದ ನಯವಾದ ಬಾಗು ಸಿಗುತ್ತದೆ. ಡಿಡಿಮಾದ ದೇವಾಲಯ ಪಾರ್ಥೆನಾನ್‌ಗಿಂತ ಬಹಳ ಈಚಿನದು, ಶೈಲಿಯೂ ಪಾರ್ಥೆನಾನ್‌ನ ಹೊರಗಂಬಗಳ ಡೋರಿಕ್ ಅಲ್ಲ, ಅಯೋನಿಕ್ ಎಂಬ ಇನ್ನೊಂದು ಗ್ರೀಕ್ ಶೈಲಿ. ಆದ್ದರಿಂದ ಅಲ್ಲಿನ ಅಳತೆಯನ್ನು ಇಲ್ಲಿಗೆ ತರುವಂತಿಲ್ಲ. ವಿಧಾನವನ್ನು ಮಾತ್ರ ಎರವಲು ಪಡೆಯಬಹುದು: ಕಂಬದ ಅಂಚಿನ ರೇಖೆಯನ್ನು ಎತ್ತರ ಕುಗ್ಗಿಸಿದ ಚೌಕಟ್ಟಿನಲ್ಲಿ ಬಿಡಿಸಿ, ಅಳೆದ ಬಿಂದುಗಳೊಂದಿಗೆ ತಾಳೆ ನೋಡಿ, ಆಮೇಲೆ ಹಿಗ್ಗಿಸುವುದು. ಹತ್ತು ಮೀಟರ್ ಎತ್ತರದ ರೇಖೆಯಲ್ಲಿ ಕಣ್ಣಿಗೆ ಕಾಣದ ಡೊಂಕು ಕುಗ್ಗಿಸಿದ ಚಿತ್ರದಲ್ಲಿ ಥಟ್ಟನೆ ಸಿಕ್ಕಿಬೀಳುತ್ತದೆ.

ಇನ್ನು ನಕಲು ಮಾಡಿ ಸಾಲಿಡುವ ಉಪಕರಣ. ಅದು ಕಂಬಗಳ ನಡುವೆ ಸಮಾನ ಅಂತರ ಇಡುತ್ತದೆ. ಪಾರ್ಥೆನಾನ್‌ನಲ್ಲಿ ಆ ಅಂತರ ಸಮಾನವಾಗಿಲ್ಲ. ಸಾಮಾನ್ಯವಾಗಿ ಕಂಬದ ನಡುವಿನಿಂದ ಮುಂದಿನ ಕಂಬದ ನಡುವಿಗೆ ಸುಮಾರು 4.3 ಮೀಟರ್ ಇದ್ದರೆ, ಮೂಲೆಯ ಕಂಬಕ್ಕೂ ಅದರ ನೆರೆಯದಕ್ಕೂ ಸುಮಾರು 3.7 ಮೀಟರ್ ಮಾತ್ರ. ಇದರ ಕಾರಣ ಮೇಲಿನ ಪಟ್ಟಿಯಲ್ಲಿದೆ. ಡೋರಿಕ್ ಶೈಲಿಯಲ್ಲಿ ತೊಲೆಯ ಮೇಲೆ ಮೂರು ಪಟ್ಟೆಗಳ ಟ್ರೈಗ್ಲಿಫ್ ಕಲ್ಲುಗಳೂ ಅವುಗಳ ನಡುವೆ ಮೆಟೊಪ್ ಎಂಬ ಶಿಲ್ಪಫಲಕಗಳೂ ಒಂದು ಬಿಟ್ಟು ಒಂದರಂತೆ ಬರುತ್ತವೆ. ಟ್ರೈಗ್ಲಿಫ್ ಪ್ರತಿ ಕಂಬದ ನೆತ್ತಿಯ ಮೇಲೆ ನಡುವಾಗಿ ಕೂರಬೇಕು ಎಂಬುದು ಒಂದು ನಿಯಮ. ಪಟ್ಟಿ ಮೂಲೆಯಲ್ಲಿ ಟ್ರೈಗ್ಲಿಫಿನಿಂದಲೇ ಮುಗಿಯಬೇಕು ಎಂಬುದು ಇನ್ನೊಂದು. ತೊಲೆಯ ದಪ್ಪ ಟ್ರೈಗ್ಲಿಫಿನ ಅಗಲಕ್ಕಿಂತ ಹೆಚ್ಚಾಗಿರುವುದರಿಂದ ಮೂಲೆಯಲ್ಲಿ ಎರಡೂ ನಿಯಮಗಳನ್ನು ಒಟ್ಟಿಗೆ ಪಾಲಿಸಲು ಬರುವುದಿಲ್ಲ. ಮೂಲೆಯ ಟ್ರೈಗ್ಲಿಫ್ ಕಂಬದ ನಡುವನ್ನು ಬಿಟ್ಟು ಹೊರಕ್ಕೆ ಸರಿಯುತ್ತದೆ, ಆಗ ಕೊನೆಯ ಮೆಟೊಪ್ ಅಸಹ್ಯವಾಗಿ ಅಗಲವಾಗುತ್ತದೆ. ಅದನ್ನು ತಪ್ಪಿಸಲು ಮೂಲೆಯ ಕಂಬವನ್ನೇ ಒಳಕ್ಕೆ ಸರಿಸುವುದು ಗ್ರೀಕರು ಕಂಡುಕೊಂಡ ಪರಿಹಾರ. ಪಾರ್ಥೆನಾನ್‌ನಲ್ಲಿ ಈ ಸರಿಸುವಿಕೆ ಅಗತ್ಯಕ್ಕಿಂತಲೂ ಹೆಚ್ಚಾಗಿದೆ, ಅದರ ಫಲವಾಗಿ ಮೆಟೊಪ್‌ಗಳ ಅಗಲಗಳೂ ಒಂದರಂತೆ ಒಂದಿಲ್ಲ. ಜೊತೆಗೆ ಮೂಲೆಯ ಕಂಬಗಳು ಉಳಿದವುಗಳಿಗಿಂತ ಸುಮಾರು 4 ಸೆಂಟಿಮೀಟರ್ ದಪ್ಪ. ಸಮಾನ ಅಂತರದ ಮಾದರಿಯಲ್ಲಿ 92 ಮೆಟೊಪ್‌ಗಳನ್ನು ಕೂರಿಸಲು ಹೊರಟವರು ಮೂಲೆಗೆ ಬಂದಾಗ ತಡಕಾಡಿ, ಕೊನೆಗೆ ಟ್ರೈಗ್ಲಿಫನ್ನು ಹಿಗ್ಗಿಸಿ ಹೊಂದಿಸಿಬಿಡುವುದನ್ನು ಎಷ್ಟೋ ಮಾದರಿಗಳಲ್ಲಿ ಕಾಣಬಹುದು. ಯಾವುದೇ ಪಾರ್ಥೆನಾನ್ ಮಾದರಿ ಎಷ್ಟು ಎಚ್ಚರದಿಂದ ಆಗಿದೆ ಎಂದು ತಿಳಿಯಬೇಕಾದರೆ ನಾನು ಮೊದಲು ಅದರ ಮೂಲೆಯನ್ನೇ ನೋಡುತ್ತೇನೆ.

ಲೇಸರ್ ಸ್ಕ್ಯಾನಿಂಗ್ ಮತ್ತು ನೂರಾರು ಫೋಟೊಗಳಿಂದ ಆಕಾರ ಹೊರತೆಗೆಯುವ ಫೋಟೊಗ್ರಾಮೆಟ್ರಿ ಇರುವಾಗ ಇಷ್ಟೆಲ್ಲ ಪಾಡು ಏಕೆ ಎಂಬ ಪ್ರಶ್ನೆ ಸಹಜ. ಇವು ಬೆಲೆಕಟ್ಟಲಾಗದ ಸಾಧನಗಳೇ ಹೌದು, ಆದರೆ ಅವು ದಾಖಲಿಸುವುದು ಇಂದು ನಿಂತಿರುವುದನ್ನು. ಪಾರ್ಥೆನಾನ್ ಚರ್ಚಾಯಿತು, ಆಮೇಲೆ ಮಸೀದಿಯಾಯಿತು. 1687ರ ಸೆಪ್ಟೆಂಬರ್ 26ರಂದು ವೆನಿಸ್ ಸೇನೆಯ ಗುಂಡೊಂದು ಒಳಗೆ ಕೂಡಿಟ್ಟಿದ್ದ ಮದ್ದಿನ ಮೇಲೆ ಬಿದ್ದು ಕಟ್ಟಡದ ನಡುಭಾಗ ಸಿಡಿದುಹೋಯಿತು. 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್‌ನ ಜನ ಶಿಲ್ಪಗಳನ್ನು ಕಿತ್ತು ಲಂಡನ್ನಿಗೆ ಸಾಗಿಸಿದರು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಗ್ರೀಕ್ ಎಂಜಿನಿಯರ್ ನಿಕೋಲಾಸ್ ಬಲಾನೋಸ್ ಬಿದ್ದ ಕಂಬಗಳನ್ನು ಮತ್ತೆ ಎತ್ತಿ ನಿಲ್ಲಿಸಿದಾಗ ಎಷ್ಟೋ ಕಲ್ಲುಗಳು ತಮ್ಮದಲ್ಲದ ಜಾಗದಲ್ಲಿ ಕೂತವು. ಬಳಸಿದ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಹಿಗ್ಗಿ ಅಮೃತಶಿಲೆಯನ್ನು ಸೀಳಿದವು. 1975ರಲ್ಲಿ, ಪಾರ್ಥೆನಾನ್ ನಿಂತಿರುವ ಬೆಟ್ಟವಾದ ಆಕ್ರೊಪೊಲಿಸ್‌ನ ಸ್ಮಾರಕಗಳ ಸಂರಕ್ಷಣಾ ಸಮಿತಿ ರಚನೆಯಾದ ಮೇಲೆ ಆ ಕಬ್ಬಿಣ ಹೋಗಿ ಟೈಟೇನಿಯಂ ಬಂತು, ಕಲ್ಲುಗಳನ್ನು ಸ್ವಸ್ಥಾನಕ್ಕೆ ಮರಳಿಸುವ ಕೆಲಸವೂ ನಡೆಯಿತು. ಆದ್ದರಿಂದ ಸ್ಕ್ಯಾನಿನಲ್ಲಿ ಕಾಣುವ ಪ್ರತಿ ಬಿಂದುವೂ ಯಾವ ಕಾಲಕ್ಕೆ ಸೇರಿದ್ದು ಎಂದು ಕೇಳದೆ ಅದನ್ನು ಕ್ರಿ.ಪೂ. 5ನೆಯ ಶತಮಾನದ ಮಾದರಿಗೆ ತುಂಬುವುದು ಸರಿಯಲ್ಲ.

ಇಲ್ಲಿ ಮಾದರಿಕಾರರನ್ನು ಕಾಡಿದ ಬಾಗುಗಳೇ ಸಹಾಯಕ್ಕೆ ಬರುತ್ತವೆ. ಜಗತಿ ಉಬ್ಬಿ ಕಂಬ ವಾಲಿರುವ ಕಟ್ಟಡದಲ್ಲಿ ಒಂದೊಂದು ಕಲ್ಲಿನ ಅಂಚುಗಳೂ ತುಸು ಬೇರೆ ಬೇರೆ ಕೋನದಲ್ಲಿರುತ್ತವೆ. ಕೋನ, ಕಬ್ಬಿಣದ ಹಿಡಿಪಟ್ಟಿ ಕೂರಿಸಲು ತೆಗೆದ ಗುಳಿಗಳ ಸ್ಥಾನ, ಮೇಲ್ಮೈಯ ಸವೆತ ಇವನ್ನು ಸೇರಿಸಿ ನೋಡಿದರೆ ನೆಲದಲ್ಲಿ ಬಿದ್ದಿರುವ ತುಂಡಿಗೆ ಮೂಲದಲ್ಲಿ ಇದ್ದದ್ದು ಒಂದೇ ಜಾಗ ಎಂದು ತೋರಿಸಿಕೊಡಬಹುದು. ವಾಸ್ತುಶಿಲ್ಪಿ ಮನೋಲಿಸ್ ಕೊರ್ರೆಸ್ ಹೀಗೆ ತುಂಡುಗಳನ್ನು ಅಭ್ಯಸಿಸಿ, ಗರ್ಭಗೃಹದ ಪೂರ್ವ ಗೋಡೆಯಲ್ಲಿ ಬಾಗಿಲಿನ ಎರಡೂ ಬದಿಗೆ ಕಿಟಕಿಗಳಿದ್ದವೆಂದು ತೋರಿಸಿದರು. ಅದಕ್ಕೆ ಮೊದಲಿನ ಮರುನಿರ್ಮಾಣಗಳಲ್ಲಿ ಆ ಗೋಡೆ ಕುರುಡಾಗಿತ್ತು.

ರೂಪ ನಿಂತ ಮೇಲೆ ಅಂಚುಗಳ ಸರದಿ. ಡೋರಿಕ್ ಕಂಬದ ಮೈಮೇಲೆ ಉದ್ದಕ್ಕೂ ಇಪ್ಪತ್ತು ತೋಡುಗಳಿವೆ, ಎರಡು ತೋಡುಗಳು ಸೇರುವಲ್ಲಿ ಏಣು ಚೂಪಾಗಿರುತ್ತದೆ. ಹತ್ತಿರದಿಂದ ನೋಡುವ ಕಂಬಕ್ಕೆ ಈ ತೋಡುಗಳನ್ನು ನಿಜವಾದ ಜ್ಯಾಮಿತಿಯಾಗಿಯೇ ಕಟ್ಟಬೇಕು. ಬೆಳಕು ತಿರುಗುವಂತೆ ಕಾಣಿಸುವ ನಾರ್ಮಲ್ ಮ್ಯಾಪ್ ಎಂಬ ಬಣ್ಣದ ಚಿತ್ರವನ್ನು ನಯವಾದ ಕಂಬಕ್ಕೆ ಸುತ್ತಿದರೆ ಮೈ ಪರವಾಗಿಲ್ಲ ಎನಿಸಬಹುದು, ಕಂಬದ ಹೊರಗೆರೆ ಮಾತ್ರ ಆಕಾಶದ ಎದುರು ಬೋಳಾಗಿ ಕಂಡು ಗುಟ್ಟು ರಟ್ಟಾಗುತ್ತದೆ. ಉಳಿಯ ಗುರುತು, ಕಲ್ಲಿನ ಹರಳುಗಳ ಒರಟು ಮುಂತಾದ ಮಿಲಿಮೀಟರ್ ಮಟ್ಟದ ವಿವರಗಳಿಗೆ ಆ ಚಿತ್ರವೇ ಸಾಕು. ಉಪಕರಣಗಳು ಪ್ರತಿ ಅಂಚನ್ನೂ ಒಂದೇ ಅಳತೆಯಲ್ಲಿ ದುಂಡಗೆ ಮಾಡಿ ಕೊಡುತ್ತವೆ, ಅದನ್ನು ಹಾಗೇ ಒಪ್ಪಿಕೊಂಡರೆ ಏಣು ಸೋಪಿನಂತೆ ಕರಗಿಹೋಗುತ್ತದೆ. ಮೆಟ್ಟಿಲಿನ ಅಂಚು ತುಸು ಸವೆದಿರಬಹುದು, ಹೊಸದಾಗಿ ಕಟ್ಟಿದ ಕಾಲದ ಕಂಬದ ಏಣು ಹಾಗಿರಲು ಕಾರಣವಿಲ್ಲ.

ಕಂಬದ ಉರುಳೆಗಲ್ಲುಗಳ ನಡುವೆ ದಟ್ಟವಾದ ಕಪ್ಪು ಗೆರೆ ಎಳೆಯುವುದೂ ಇಂದಿನ ಫೋಟೊಗಳಿಂದ ಬಂದ ಚಾಳಿ. ಗ್ರೀಕರು ತೋಡುಗಳನ್ನು ಕಂಬದ ಅಡಿಯಲ್ಲಿಯೂ ಬೋದಿಗೆಯ ಕತ್ತಿನಲ್ಲಿಯೂ ಮಾತ್ರ ಮೊದಲೇ ಕಡಿದುಕೊಂಡು, ನಡುವಿನ ಭಾಗವನ್ನು ಕಂಬ ಎದ್ದುನಿಂತ ಮೇಲೆ ಮೇಲಿನಿಂದ ಕೆಳಗಿನ ತನಕ ಒಂದೇ ಸಮನೆ ಕಡಿಯುತ್ತಿದ್ದರು. ಸೇರಿಕೆಗಳು ಕೂದಲೆಳೆಯಷ್ಟು ಬಿಗಿಯಾಗಿದ್ದವು. ಈಗ ಅಲ್ಲಿ ಕಾಣುವ ಬಿರುಕು, ಜಾರಿದ ಉರುಳೆಗಳು ಸ್ಫೋಟದ ಮತ್ತು ಭೂಕಂಪಗಳ ಫಲ.

ಬಣ್ಣ ಮತ್ತು ಕಲ್ಲಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಪಾರ್ಥೆನಾನ್‌ಗೆ ಬಳಸಿದ ಪೆಂಟೆಲಿಕಾನ್ ಬೆಟ್ಟದ ಅಮೃತಶಿಲೆ ಹೊಸದಾಗಿ ಕಡಿದಾಗ ಬೆಳ್ಳಗಿರುತ್ತದೆ; ಅದರೊಳಗಿನ ಅಲ್ಪ ಕಬ್ಬಿಣಾಂಶದಿಂದ ಕಾಲಾಂತರದಲ್ಲಿ ಜೇನಿನ ಹೊನ್ನಬಣ್ಣ ಏರುತ್ತದೆ. ಇಂದಿನ ಗೋಡೆಯ ಫೋಟೊ ತೆಗೆದು ಮಾದರಿಗೆ ಅಂಟಿಸಿದರೆ ಎರಡೂವರೆ ಸಾವಿರ ವರ್ಷಗಳ ವಯಸ್ಸನ್ನು ಹೊಸ ಕಟ್ಟಡಕ್ಕೆ ತೊಡಿಸಿದಂತಾಗುತ್ತದೆ. ಇನ್ನೊಂದೆಡೆ, ಇಡೀ ಕಟ್ಟಡ ಬೋಳು ಬಿಳಿಯಾಗಿತ್ತು ಎನ್ನುವುದೂ ಸರಿಯಲ್ಲ. ಈಜಿಪ್ಷಿಯನ್ ನೀಲಿ ಎಂಬ ವರ್ಣದ್ರವ್ಯದ ಮೇಲೆ ಕಣ್ಣಿಗೆ ಕಾಣುವ ಬೆಳಕು ಬಿದ್ದರೆ ಅದು ಅವಕೆಂಪು ಬೆಳಕನ್ನು ಹೊರಸೂಸುತ್ತದೆ. ಸೂಕ್ತ ಕ್ಯಾಮೆರಾದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣವೂ ಬಿಳಿಯ ಚುಕ್ಕೆಯಾಗಿ ಹೊಳೆಯುತ್ತದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಜೊವಾನಿ ವೆರ್ರಿ ಈ ವಿಧಾನದಿಂದ ಪಶ್ಚಿಮ ಮುಖದ, ದೇವದೂತಿ ಐರಿಸ್‌ಳ ಶಿಲ್ಪದ ನಡುಪಟ್ಟಿಯ ಮೇಲೆ ಆ ನೀಲಿಯನ್ನು ಗುರುತಿಸಿದ್ದು 2009ರಲ್ಲಿ ಸುದ್ದಿಯಾಯಿತು. ಟ್ರೈಗ್ಲಿಫ್‌ಗಳಿಗೆ ನೀಲಿ, ಕೆಲವು ಪಟ್ಟಿಗಳಿಗೆ ಕೆಂಪು ಬಳಿಯುವುದು ಡೋರಿಕ್ ದೇವಾಲಯಗಳ ಸಾಮಾನ್ಯ ರೂಢಿ. ಆದರೆ ಪುರಾವೆ ಇರುವುದು ಯಾವ ಜಾಗಕ್ಕೆ, ರೂಢಿಯಿಂದ ಊಹಿಸಿದ್ದು ಯಾವ ಜಾಗಕ್ಕೆ ಎಂಬುದನ್ನು ಮಾದರಿ ಬೇರ್ಪಡಿಸಿ ಇಡಬೇಕು. ಬಣ್ಣ ಎಷ್ಟು ಗಾಢವಾಗಿತ್ತು ಎಂಬುದನ್ನು ಒಂದು ಕಣದ ನೀಲಿ ಹೇಳುವುದಿಲ್ಲ.

ಶಿಲ್ಪಗಳಿಗೆ ಬಂದರೆ ಮೂಲಗಳು ಚದುರಿಹೋಗಿವೆ. ಬಾಸೆಲ್ ನಗರದ ಶಿಲ್ಪಸಂಗ್ರಹದಲ್ಲಿ ಉಳಿದಿರುವ ಪಾರ್ಥೆನಾನ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳು ಒಂದೇ ಕಡೆ ಸಿಗುವುದರಿಂದ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಪಾಲ್ ಡೆಬೆವೆಕ್ ತಂಡ 2004ರ ತನ್ನ ಡಿಜಿಟಲ್ ಮರುನಿರ್ಮಾಣಕ್ಕೆ ಅವನ್ನೇ ಸ್ಕ್ಯಾನ್ ಮಾಡಿತು. ಹಳೆಯ ಅಚ್ಚಿಗೆ ಇನ್ನೊಂದು ಬೆಲೆಯೂ ಇದೆ: ಎಲ್ಗಿನ್ ಕಾಲದಲ್ಲಿ ಪಶ್ಚಿಮದ ಶಿಲ್ಪಪಟ್ಟಿಯಿಂದ ತೆಗೆದ ಅಚ್ಚುಗಳಲ್ಲಿ, ಮೂಲಶಿಲ್ಪ ಮುಂದೆ ಮಾಲಿನ್ಯದಿಂದ ಕಳೆದುಕೊಂಡ ವಿವರಗಳು ಉಳಿದಿವೆ. 1674ರಲ್ಲಿ, ಅಂದರೆ ಸ್ಫೋಟಕ್ಕೆ ಮೊದಲು, ಫ್ರೆಂಚ್ ಚಿತ್ರಕಾರ ಜಾಕ್ ಕ್ಯಾರೆಯ ಹೆಸರಿನಲ್ಲಿ ದಾಖಲಾದ ರೇಖಾಚಿತ್ರಗಳು ಪಶ್ಚಿಮ ಮುಖದ ಶಿಲ್ಪಸಮೂಹ ಹೇಗಿತ್ತೆಂದು ತೋರಿಸುತ್ತವೆ. ಪೂರ್ವ ಮುಖದ ನಡುವಿನ ಶಿಲ್ಪಗಳು ಮಾತ್ರ ಆ ಚಿತ್ರಗಳಲ್ಲೂ ಇಲ್ಲ. ಕಟ್ಟಡ ಚರ್ಚಾದ ಕಾಲದಲ್ಲೇ ಅವು ಹೋಗಿದ್ದವು. ಅಲ್ಲಿ ಅಥೀನಾಳ ಜನನದ ಕಥೆ ಇತ್ತೆಂದು ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪೌಸಾನಿಯಸ್ ಹೇಳುತ್ತಾನೆ, ಆದರೆ ಯಾರು ಯಾವ ಭಂಗಿಯಲ್ಲಿದ್ದರು ಎಂದು ಹೇಳುವುದಿಲ್ಲ. ಇಂಥ ಜಾಗವನ್ನು ತನ್ನ ಕಲ್ಪನೆಯ ಶಿಲ್ಪಗಳಿಂದ ತುಂಬಿ, ನೆರಳು-ಬೆಳಕಿನ ಸಕಲ ಮೆರುಗಿನಿಂದ ತೋರಿಸುವುದಕ್ಕಿಂತ ಮುಖಚಹರೆಯಿಲ್ಲದ ಬೂದು ಆಕಾರಗಳನ್ನು ಇಡುವುದು ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ. ಫೋಟೊದಷ್ಟು ನಿಖರವಾಗಿ ಕಾಣುವ ಊಹೆಯನ್ನು ನೋಡುಗ ಊಹೆ ಎಂದು ಗುರುತಿಸಲಾರ.

ಈ ಸಮಸ್ಯೆಗೆ ಉತ್ತರವಾಗಿಯೇ 2006ರಲ್ಲಿ ಲಂಡನ್ ಚಾರ್ಟರ್, 2011ರಲ್ಲಿ ಸೆವಿಲ್ ತತ್ತ್ವಗಳು ಎಂಬ ಮಾರ್ಗಸೂಚಿಗಳು ರೂಪುಗೊಂಡವು. ಎರಡರ ತಿರುಳೂ ಒಂದೇ: ಮಾದರಿಯ ಯಾವ ಭಾಗ ಅಳತೆಯಿಂದ ಬಂದದ್ದು, ಯಾವುದು ಸಮಾನ ಕಟ್ಟಡಗಳ ಹೋಲಿಕೆಯಿಂದ, ಯಾವುದು ಬರೀ ತರ್ಕದಿಂದ ಎಂಬುದು ದಾಖಲಾಗಿರಬೇಕು, ಆ ನಿರ್ಧಾರಕ್ಕೆ ಹೇಗೆ ಬಂದೆವು ಎಂಬುದೂ ಮಾದರಿಯ ಜೊತೆ ಉಳಿಯಬೇಕು. ಪ್ರಾಯೋಗಿಕವಾಗಿ ಇದರ ಅರ್ಥ, ಪ್ರತಿ ಭಾಗಕ್ಕೂ ಒಂದು ವಿಶ್ವಾಸದ ದರ್ಜೆ ಕೊಟ್ಟು, ಒಂದು ಗುಂಡಿ ಒತ್ತಿದರೆ ಇಡೀ ಕಟ್ಟಡ ಆ ದರ್ಜೆಗಳ ಬಣ್ಣದಲ್ಲಿ ಕಾಣುವಂತೆ ಮಾಡುವುದು. ಹಾಗೆ ನೋಡಿದಾಗ ಪಾರ್ಥೆನಾನ್‌ನ ಹೊರಮೈ ಬಹುಪಾಲು ಖಚಿತವಾದ ಬಣ್ಣದಲ್ಲೂ ಒಳಭಾಗ ಸಂಶಯದ ಬಣ್ಣದಲ್ಲೂ ಕಾಣುತ್ತದೆ.

ಒಳಭಾಗದ ತೊಡಕಿಗೆ ಪಶ್ಚಿಮದ ಕೋಣೆ ಒಳ್ಳೆಯ ಉದಾಹರಣೆ. ಅಲ್ಲಿ ನಾಲ್ಕು ಕಂಬಗಳಿದ್ದವು ಎಂಬುದಕ್ಕೆ ನೆಲದಲ್ಲಿ ಗುರುತುಗಳಿವೆ, ಕಂಬಗಳು ಉಳಿದಿಲ್ಲ. ಎತ್ತರಕ್ಕೆ ಹೋಲಿಸಿದರೆ ತೆಳ್ಳಗಿರಬೇಕಾದ್ದರಿಂದ ಅವು ಅಯೋನಿಕ್ ಎಂದು ಹೆಚ್ಚಿನವರು ಒಪ್ಪುತ್ತಾರೆ, ಬೋದಿಗೆ ಬೇರೆ ಬಗೆಯದಾಗಿತ್ತು ಎಂಬ ವಾದವೂ ಇದೆ. ಇಂಥಲ್ಲಿ ಕಂಬಗಳ ನೆಲೆಯನ್ನು ಒಂದು ಪದರದಲ್ಲಿಯೂ ಬೋದಿಗೆಯ ಎರಡು ಸಾಧ್ಯತೆಗಳನ್ನು ಬೇರೆ ಬೇರೆ ಪದರಗಳಲ್ಲಿಯೂ ಇಟ್ಟು, ಯಾವುದನ್ನು ಬೇಕಾದರೂ ತೋರಿಸಬಲ್ಲಂತೆ ಕಡತವನ್ನು ಸಿದ್ಧಪಡಿಸುವುದು ಒಳ್ಳೆಯದು. ಕೊರ್ರೆಸ್ ತೋರಿಸಿದ ಕಿಟಕಿಗಳನ್ನೂ ಹಾಗೆಯೇ ಪ್ರತ್ಯೇಕವಾಗಿ ಇಟ್ಟರೆ ಅವು ಇದ್ದಾಗ ಮತ್ತು ಇಲ್ಲದಾಗ, ಬೆಳಗಿನ ಸೂರ್ಯನಿಗೆ ಎದುರಾದ ಬಾಗಿಲಿನಿಂದ ಒಳಬರುವ ಬೆಳಕು ಹನ್ನೆರಡು ಮೀಟರಿನಷ್ಟು ಎತ್ತರದ ಪ್ರತಿಮೆಯನ್ನು ಎಲ್ಲಿಯ ತನಕ ಮುಟ್ಟುತ್ತದೆ ಎಂದು ಎರಡು ಸಲ ಲೆಕ್ಕ ಹಾಕಿಸಬಹುದು. ಆ ಲೆಕ್ಕಕ್ಕೆ ಬೇಕಾದ ಅಥೆನ್ಸಿನ ಅಕ್ಷಾಂಶ, ಕಟ್ಟಡದ ದಿಕ್ಕು, ಬಾಗಿಲಿನ ಅಳತೆ ಮೂರೂ ಖಚಿತವಾಗಿ ತಿಳಿದಿರುವಂಥವು. ಚಾವಣಿಯ ಒಳಮೈಯ ಬಣ್ಣ, ನೆಲದ ಹೊಳಪು ಮತ್ತು ಪ್ರತಿಮೆಯ ಚಿನ್ನದ ಮೆರುಗು ಎಷ್ಟೆಂಬುದನ್ನು ಮಾತ್ರ ಊಹೆಯ ದರ್ಜೆಯಲ್ಲೇ ಇಟ್ಟು, ಒಂದೊಂದಕ್ಕೂ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಕೊಟ್ಟು ಚಿತ್ರಗಳನ್ನು ಜೋಡಿಯಾಗಿ ಹೊರತರಬೇಕು.